ತೊಳೆಯದ ಅಂಗಿ

ಇನ್ನು ಮೇಲೆ ನೀನೇ ನಿನ್ನ ಯಜಮಾನಿ ಎಂದು ಹೇಳಿ ಅವಳನ್ನು ಕೆಲಸದಿಂದ ತೆಗೆದರು.

ತೆಗೆದೆವು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ದೊಡ್ಡ ಲಾಯದ ಅಂಗಳದಲ್ಲಿ ಕುದುರೆ ನೋಡಿಕೊಳ್ಳುವವರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಕೋಟು ಹಾಕಿದವನೊಬ್ಬ ನಗುನಗುತ್ತ ಮಾತಾಡಿದ. ಸಂಬಳದ ಆಳು ಅನ್ನುವುದೆಲ್ಲ ಹಳೇ ಕಾಲದ ಮಾತು, ಈಗ ಎಲ್ಲರೂ ಸ್ವಂತ ಕೆಲಸದವರು, ಕರೆದಾಗ ಬನ್ನಿ, ನಿಮ್ಮ ಬ್ರಷ್ಷು ನಿಮ್ಮ ಬಕೆಟ್ಟು ನೀವೇ ತನ್ನಿ, ಯಾರ ಹಂಗೂ ಇಲ್ಲ ಎಂದ. ಚಪ್ಪಾಳೆ ತಟ್ಟಿ ಎಂದ. ತಟ್ಟಿದರು. ಮಾರನೆಯ ಬೆಳಗ್ಗೆ ಗೇಟಿನವನು ಅವಳನ್ನು ಒಳಗೆ ಬಿಡಲಿಲ್ಲ. ಯಾರೂ ಕರೆದಿಲ್ಲವಲ್ಲ.

ಅವಳ ಅಪ್ಪ ಅದೇ ಲಾಯದಲ್ಲಿ ಲದ್ದಿ ಎತ್ತಿ ಎತ್ತಿ ಸತ್ತವನು. ಅವಳಿಗೂ ಬುದ್ಧಿ ಬಂದಾಗಿನಿಂದ ಅದೇ ಕೆಲಸ. ಬೆಳಕು ಹರಿಯುವ ಮುಂಚೆ ಲದ್ದಿ ಬಾಚುವುದು. ಉಚ್ಚೆಯಲ್ಲಿ ನೆಂದ ಹುಲ್ಲು ಎಳೆದುಹಾಕುವುದು. ನೀರು ಹೊರುವುದು. ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಕೊಕ್ಕೆಯಿಂದ ಕೆರೆಯುವುದು. ಮೈ ತಿಕ್ಕುವುದು. ತಿಕ್ಕಿದಷ್ಟೂ ಕುದುರೆ ಹೊಳೆಯುತ್ತದೆ, ತಿಕ್ಕಿದವರ ಸೊಂಟ ಬೀಳುತ್ತದೆ. ಹೊಳೆಯುವ ಕುದುರೆಯ ಮೇಲೆ ಕೂರುವವರು ಬೇರೆ. ಅಷ್ಟು ವರ್ಷದಲ್ಲಿ ಅವಳು ಒಂದು ಸಲವೂ ಕುದುರೆ ಹತ್ತಿದವಳಲ್ಲ. ಹತ್ತಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಮನೆ ಎಂದರೆ ಒಂದೇ ಕೋಣೆ. ತಾಯಿ ಮಗಳು ಇಬ್ಬರೇ. ಮಂಚದ ಕೆಳಗಿಂದ ಅಪ್ಪನ ತಗಡಿನ ಪೆಟ್ಟಿಗೆಯನ್ನು ಅವಳು ಎಳೆದಾಗ ಅಮ್ಮ ಮಲಗಿದಲ್ಲಿಂದಲೇ ಕಣ್ಣುಬಿಟ್ಟಳು. ಆ ನಾಲಿಗೆ ಮೊದಲಿನಿಂದಲೂ ಚೂಪು.

“ಯಜಮಾನಿಯಮ್ಮ ಎದ್ದ್ರಾ? ನೀರು ನಾನು ಕಾಯಿಸ್ಲಾ, ಇಲ್ಲ ಆಳುಗಳು ಬರ್ತಾರಾ?”

“ಆಳೂ ನಾನೇ ಅಮ್ಮ.”

“ಹಾಗಾದ್ರೆ ಬೈದು ಎಬ್ಬಿಸೋಕೆ ಯಾರೂ ಬೇಡ ಬಿಡು.”

ಪೆಟ್ಟಿಗೆಯಲ್ಲಿ ಗೊರಸಿನ ಕೊಕ್ಕೆ ಇತ್ತು, ಜೂಲು ಬಾಚುವ ಬಾಚಣಿಗೆ ಇತ್ತು, ಹಲ್ಲು ಉದುರಿದ ಬ್ರಷ್ಷುಗಳಿದ್ದವು, ಅಪ್ಪನ ಉದ್ದ ತೋಳಿನ ಅಂಗಿಗಳಿದ್ದವು. ಅಂಗಿಯೊಂದನ್ನು ತನ್ನ ಬಟ್ಟೆಯ ಮೇಲೆ ತೊಟ್ಟುಕೊಂಡಳು. ಪೆಟ್ಟಿಗೆ ತಲೆಯ ಮೇಲಿಟ್ಟು ಲಾಯದಿಂದ ಲಾಯಕ್ಕೆ ಅಲೆದಳು. ಒಬ್ಬ ಕುದುರೆ ಇದೆ, ಕೆಲಸ ಇಲ್ಲ ಎಂದ. ಒಬ್ಬ ಕೆಲಸ ಇದೆ, ಹೆಂಗಸು ಬೇಡ ಎಂದ. ಇನ್ನೊಬ್ಬ ಎರಡೂ ಆಗಬಹುದು, ಕತ್ತಲಾದ ಮೇಲೆ ಬಾ ಎಂದು ಅವಳ ಎದೆ ನೋಡುತ್ತ ಹೇಳಿದ. ಅವಳು ಎಲ್ಲರಿಗೂ ಒಂದೇ ಬಗೆಯಲ್ಲಿ ತಲೆಯಾಡಿಸಿ ಹೊರಬಂದಳು. ಸಿಟ್ಟೂ ಬರಲಿಲ್ಲ. ಸಿಟ್ಟು ಬರಲಿಕ್ಕೂ ಹೊಟ್ಟೆಯಲ್ಲಿ ಏನಾದರೂ ಇರಬೇಕು.

ಕಡೆಗೆ ಊರಾಚೆಯ ಸವಾರಿ ಶಾಲೆಯಲ್ಲಿ ಮೇನೇಜರ್ ಅವಳನ್ನು ತಡೆದು ನಿಲ್ಲಿಸಿದ. “ಒಂದು ಕುದುರೆ ಇದೆ. ಯಾರೂ ಹತ್ತಿರ ಹೋಗಲ್ಲ. ನೀನು ಹೋಗ್ತೀಯಾ?”

ಎಲ್ಲಿಂದಲೋ ಲಾರಿಯಲ್ಲಿ ತಂದ ಕೆಂಪು ಕುದುರೆ. ದಾರಿಯಲ್ಲಿ ಅದಕ್ಕೆ ಏನಾಯಿತೋ, ಮನುಷ್ಯರ ನೆರಳು ಕಂಡರೆ ಸಾಕು, ಗೋಡೆಗೆ ಒದೆಯುತ್ತಿತ್ತು. ಒದ್ದು ಒದ್ದು ಹಿಂಗಾಲು ಕೀವು ಕಟ್ಟಿತ್ತು. ಶಾಲೆಯ ಒಡತಿ ಅದಕ್ಕೆ ನಾಲಿಗೆ ಹೊರಳದಂಥ ಉದ್ದನೆಯ ಹೆಸರಿಟ್ಟಿದ್ದರು. ಅವಳು ಕೆಂಚ ಎಂದಳು. ಬೆನ್ನು ಮಾಡಿ ಅದರ ಗೂಡಿನ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಳು. ಮುಟ್ಟಲಿಲ್ಲ, ಮಾತಾಡಿಸಲಿಲ್ಲ, ತಿರುಗಿ ನೋಡಲೂ ಇಲ್ಲ. ಕೆಂಚ ಒದ್ದಿತು, ಬುಸುಗುಟ್ಟಿತು, ದಣಿಯಿತು. ಎಷ್ಟೋ ಹೊತ್ತಿನ ಮೇಲೆ ಅವಳ ಕತ್ತಿನ ಹಿಂದೆ ಬಿಸಿಯುಸಿರು ತಾಗಿತು. ಅದು ಅವಳ ಕೂದಲು ಮೂಸಿತು, ಅಂಗಿಯ ಕಾಲರು ಮೂಸಿತು, ಬೆವರಿದ ಕಂಕುಳು ಮೂಸಿತು. ಅವಳು ಅಲುಗಲಿಲ್ಲ. ಸಂಜೆ ಹೊರಡುವಾಗ ಅಂಗಿ ಬಿಚ್ಚಿ ಗೂಡಿನ ಮೊಳೆಗೆ ನೇತುಹಾಕಿದಳು.

ಅದು ಅಪ್ಪ ಹೇಳಿಕೊಟ್ಟದ್ದು. ಹೆದರಿದ ಕುದುರೆಯನ್ನು ಒಂಟಿಯಾಗಿ ಬಿಟ್ಟು ಬರುವಾಗ ನೀನು ತೊಟ್ಟ ಬಟ್ಟೆ ಬಿಟ್ಟು ಬಾ, ನೀನು ಅಲ್ಲೇ ಇದ್ದೀಯ ಅಂದ್ಕೊಂಡು ನಿದ್ದೆ ಮಾಡುತ್ತೆ ಎನ್ನುತ್ತಿದ್ದ. ಕೆಂಚ ಆ ರಾತ್ರಿ ಒದೆಯಲಿಲ್ಲವಂತೆ. ಅಲ್ಲಿಂದ ಮುಂದೆ ಅದೇ ಕ್ರಮವಾಯಿತು. ಬೆಳಗ್ಗೆ ಒಂದು ಅಂಗಿ ತೊಟ್ಟು ಬರುವುದು, ಬೆವರು ಹಿಂಗಿಸಿ ಬಿಟ್ಟು ಹೋಗುವುದು. ಅವಳು ಮನೆಯಲ್ಲಿ ಮಲಗಿದ್ದಾಗಲೂ ಅವಳ ಅಂಗಿ ಅಲ್ಲಿ ಕೆಲಸ ಮಾಡುತ್ತಿತ್ತು.

ಒಡತಿಯನ್ನು ಎಲ್ಲರೂ ಮೇಡಂ ಅನ್ನುತ್ತಿದ್ದರು. ಮೇಡಂ ದನಿ ಎತ್ತಿ ಮಾತಾಡಿದವರಲ್ಲ. ಅಂಗಳದ ನೆರಳಿನಲ್ಲಿ ಒಂದು ಬೆಂಚಿತ್ತು, ಸವಾರಿ ಕಲಿಯಲು ಬಂದವರ ಕಡೆಯವರು ಅಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಅವಳು ಒಮ್ಮೆ ಕಾಲು ಸೋತು ಅದರ ತುದಿಯಲ್ಲಿ ಕೂತಳು. ಮೇನೇಜರ್ ಓಡಿಬಂದು ಎಬ್ಬಿಸಿದ. ಆಫೀಸಿನ ಪಕ್ಕದ ಕಕ್ಕಸಿಗೆ ಬೀಗ. ಅದು ಬಂದುಹೋಗುವವರಿಗಂತೆ. ಅವಳು ಹುಲ್ಲಿನ ಬಣವೆಯ ಹಿಂದೆ ಹೋಗುತ್ತಿದ್ದಳು. ಗಂಡಸರು ಓಡಾಡುವ ಹೊತ್ತಿನಲ್ಲಿ ಅಲ್ಲಿಗೂ ಹೋಗುವಂತಿಲ್ಲ. ಅದಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಕುದುರೆಗಳಿಗೆ ಬಕೆಟ್ ಬಕೆಟ್ ನೀರು ಹೊತ್ತು ಹಾಕುವವಳ ತುಟಿ ಒಡೆದಿರುತ್ತಿತ್ತು. ಇಷ್ಟಾದರೂ ಅವಳಿಗೆ ಏನೂ ಅನ್ನಿಸಲಿಲ್ಲವೇ ಎಂದು ಕೇಳುವವರು ಒಂದು ವಾರ ಲದ್ದಿ ಎತ್ತಿ ನೋಡಲಿ. ಮೊದಲು ಮೂಗು ಸಾಯುತ್ತದೆ, ಆಮೇಲೆ ಉಳಿದದ್ದು.

ಒಂದು ದಿನ ಮೇಡಂ ಅವಳನ್ನು ಕರೆದು ಬಣ್ಣದ ಕಾಗದ ಸುತ್ತಿದ ಸೋಪೊಂದನ್ನು ಕೈಗಿಟ್ಟರು. ಹೂವಿನ ಪರಿಮಳದ ಸೋಪು.

“ಬೇಜಾರು ಮಾಡ್ಕೋಬೇಡ. ಬರೋರು ಹೇಳ್ತಾರೆ, ನಿನ್ನ ಹತ್ರ ವಾಸ್ನೆ ಅಂತ. ದಿನಾ ಇದ್ರಲ್ಲಿ ಸ್ನಾನ ಮಾಡ್ಕೊಂಡು ಬಾ.”

ಮಾಡಿಕೊಂಡು ಹೋದಳು. ಕೆಂಚ ಕಿವಿ ಹಿಂದಕ್ಕೆ ಮಡಚಿ ಗೋಡೆಗೆ ಒರಗಿ ನಡುಗಿತು, ಅವಳ ಭುಜಕ್ಕೆ ಬಾಯಿ ಹಾಕಿತು. ಅವಳಿಗೆ ಅರ್ಥವಾಯಿತು. ಮೇಡಂಗೆ ಬೇಡವಾದ ವಾಸನೆಯಿಂದಲೇ ಮೇಡಂನ ಕುದುರೆ ಬದುಕಿತ್ತು. ಸೋಪನ್ನು ಪೆಟ್ಟಿಗೆಯ ತಳಕ್ಕೆ ಹಾಕಿದಳು. ಬೆಂಚಿನ ಹತ್ತಿರ ಸುಳಿಯದೆ ಗೋಡೆಗುಂಟ ನಡೆಯುವುದನ್ನು ರೂಢಿಮಾಡಿಕೊಂಡಳು.

ಆಮೇಲೆ ಆ ಪ್ರಯಾಣ ಬಂತು. ಬೇರೆ ಊರಿನಲ್ಲಿ ಸ್ಪರ್ಧೆ. ಕುದುರೆ ಸಾಗಿಸುವ ಗಾಡಿಯ ಮುಂದೆ ಮೇಡಂ ಕೂತಿದ್ದರು, ಅವರ ಪಕ್ಕದ ಸೀಟು ಖಾಲಿಯಿತ್ತು. ಆ ಸೀಟಿನ ಮೇಲೆ ಮೇಡಂ ತಮ್ಮ ಟೋಪಿ ಇಟ್ಟರು. ಅವಳನ್ನು ಹಿಂದೆ ಕೆಂಚನ ಜೊತೆ ಹತ್ತಿಸಿದರು. ಹಿಂದೆ ಹಗ್ಗ ಕಟ್ಟುವ ಕಬ್ಬಿಣದ ಬಳೆ ಕಿತ್ತುಹೋಗಿತ್ತು. ಅವಳು ತೋರಿಸಿದಳು.

“ಈಗ ಅದನ್ನೆಲ್ಲ ನೋಡೋಕೆ ಹೊತ್ತಿಲ್ಲ. ಹಿಡ್ಕೊಂಡು ನಿಂತ್ಕೋ,” ಎಂದ ಮೇನೇಜರ್.

ಹಿಡಿದು ನಿಂತಳು. ಗಾಡಿ ಕುಲುಕುತ್ತಿತ್ತು. ಕೆಂಚ ಬೆವರುತ್ತಿತ್ತು. ಅಂಗೈ ಬೆವರಿ ಹಗ್ಗ ಜಾರುತ್ತಿತ್ತು. ಕುದುರೆಯ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು ಎಂಬುದು ಈ ಕಸುಬಿನ ಮೊದಲ ಪಾಠ. ಬಿಡಬೇಕಾದಾಗ ಬಿಡಲಿಕ್ಕೆ ಬರಬೇಕು. ಅದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಅಷ್ಟು ದೂರ ಒಂದೇ ಸಮನೆ ನಿಂತು ತೋಳು ಸತ್ತುಹೋಗಿತ್ತು. ಒಂದು ಸುತ್ತು ಸುತ್ತಿಕೊಂಡಳು, ಅಷ್ಟೇ. ಗಾಡಿ ಗಕ್ಕನೆ ನಿಂತಿತು. ಕೆಂಚ ಬೆದರಿ ತಲೆ ಎತ್ತಿ ಹಿಂದಕ್ಕೆ ಜಗ್ಗಿತು. ಬಲಗೈಯ ಬೆರಳುಗಳು ಹಗ್ಗದೊಳಗೆ ಕಟಕಟನೆ ಮುರಿದವು.

ಅವತ್ತು ಸ್ಪರ್ಧೆ ಮುಗಿಯುವವರೆಗೆ ಅವಳು ಕೈಗೆ ಲಾಯದ ಬಟ್ಟೆ ಸುತ್ತಿಕೊಂಡು, ಎಡಗೈಯಲ್ಲಿ ಕೆಂಚನ ಮೈ ತಿಕ್ಕಿದಳು. ಕೆಂಚ ಗೆದ್ದಿತು. ಮೇಡಂ ಅದರ ಕತ್ತು ತಬ್ಬಿಕೊಂಡು ಪಟ ತೆಗೆಸಿಕೊಂಡರು. ಅವಳಿಗೆ ಪಕ್ಕಕ್ಕೆ ಸರಿ ಎಂದರು.

ಕೆಲಸಗಾರರ ಆಸ್ಪತ್ರೆಯ ಡಾಕ್ಟರು ಅವಳ ಬೆರಳಿಗೆ ಸೂಜಿ ಚುಚ್ಚಿದರು. “ಗೊತ್ತಾಗ್ತಿದೆಯಾ?”

“ಇಲ್ಲ.”

“ಗೊತ್ತಾಗ್ಬೇಕಿತ್ತು. ಬೇಗ ಆಪರೇಷನ್ ಮಾಡ್ಬೇಕು. ಯಾರ ಹತ್ರ ಕೆಲಸ?”

“ನನ್ನ ಹತ್ರಾನೇ.”

ಡಾಕ್ಟರು ತಲೆಯೆತ್ತಿ ನೋಡಿದರು. ತಮಾಷೆ ಮಾಡುತ್ತಿದ್ದಾಳೋ ಎಂದುಕೊಂಡಿರಬೇಕು. “ಹಾಗಂದ್ರೆ ಇಲ್ಲಿ ಆಗಲ್ಲಮ್ಮ. ಕೆಲಸ ಕೊಟ್ಟೋರು ಬಂದು, ಇವಳು ನಮ್ಮಲ್ಲಿ ದುಡಿಯುವಾಗ ಏಟಾಯ್ತು ಅಂತ ಒಂದು ಮಾತು ಹೇಳ್ಬೇಕು. ಹೇಳಿದ್ರೆ ಇಲ್ಲೇ ಮಾಡ್ತೀವಿ. ಹೇಳ್ದೇ ಇದ್ರೆ...” ಅವರು ಅವಳ ಕೈಗೆ ಮತ್ತೆ ಬಟ್ಟೆ ಸುತ್ತಿದರು. ಬಲಗೈ ಇಲ್ಲದವಳಿಗೆ ಕುದುರೆಯ ಗೊರಸು ಎತ್ತಲಿಕ್ಕೆ ಯಾರು ಕೊಡುತ್ತಾರೆ.

ಮೇಡಂ ಬಾಯಿಂದ ಒಂದು ಮಾತು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಹೇಳಿಕಳಿಸಿದಳು. ಮೂರನೆಯ ದಿನ ಮೇನೇಜರ್ ಮನೆಯ ಬಾಗಿಲಿಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಹೊಸ್ತಿಲಿಂದ ಒಳಗೆ ಬರಲಿಲ್ಲ.

“ಮೇಡಂ ಬರ್ತಾರೆ, ಆಸ್ಪತ್ರೆಗೆ ಬಂದು ಹೇಳ್ತಾರೆ. ಸ್ವಲ್ಪ ಬಿಡುವಾಗ್ಲಿ. ಅಲ್ಲೀ ತನಕ ನೀನೊಂದು ಅಂಗಿ ಕೊಡು. ನೀನು ಹಾಕಿದ್ದು. ತೊಳೀದೇ ಇರೋದು.”

ಅಮ್ಮ ಒಲೆಯ ಮುಂದಿನಿಂದ ತಿರುಗಿದಳು. “ಏನಪ್ಪಾ, ಮಗಳ ಮೈಬಟ್ಟೆ ಕೇಳ್ಕೊಂಡು ಬಂದಿದ್ದೀಯ?”

“ಕುದುರೆಗಮ್ಮ.”

“ಕುದುರೆಗೆ ಅಂತ ಗೊತ್ತಾಯ್ತು. ಕುದುರೇನೇ ಬಂದಿದ್ರೆ ಒಳಗೆ ಕರೀತಿದ್ದೆ.”

ಅವಳು ಮೈಮೇಲಿದ್ದ ಅಂಗಿ ಬಿಚ್ಚಿ ಕೊಟ್ಟಳು. ಮೇನೇಜರ್ ಅದನ್ನು ಎರಡು ಬೆರಳಲ್ಲಿ ಎತ್ತಿ ಚೀಲಕ್ಕೆ ಹಾಕಿಕೊಂಡು ಗಂಟು ಕಟ್ಟಿದ. ಗಾಳಿಯಾಡದಂತೆ ಬಿಗಿಯಾಗಿ ಕಟ್ಟಿದ. ಮತ್ತೆ ಬಂದ, ಮತ್ತೆ ಒಯ್ದ. ಬಂದಾಗಲೆಲ್ಲ ಮೇಡಂ ನಾಳೆ ಬರುತ್ತಾರೆ ಎಂದ. ಅವಳು ನಾಳೆಗಳಿಗೆಲ್ಲ ತಲೆಯಾಡಿಸಿದಳು. ಕೆಂಚ ನಿದ್ದೆ ಮಾಡುತ್ತಿದೆಯಲ್ಲ ಎಂದು ಒಂದು ಸಣ್ಣ ಸಮಾಧಾನ ಮಾತ್ರ ಇತ್ತು. ಬೆರಳುಗಳು ಬಟ್ಟೆಯೊಳಗೆ ಕಪ್ಪಾಗುತ್ತಿದ್ದವು. ನೋವಿರಲಿಲ್ಲ. ನೋವಿದ್ದಿದ್ದರೆ ಬೇಗ ಎದ್ದು ಹೋಗುತ್ತಿದ್ದಳೇನೋ.

ಒಂದು ಬೆಳಗ್ಗೆ ಅಮ್ಮ ಅವಳ ಕೈಯ ಬಟ್ಟೆ ಬಿಚ್ಚಿ ನೋಡಿ ಏನೂ ಅನ್ನಲಿಲ್ಲ. ಅಮ್ಮ ಏನೂ ಅನ್ನದಿದ್ದುದೇ ಅವಳನ್ನು ಎಬ್ಬಿಸಿತು. ಗಾಯಕ್ಕೆ ಬೇರೆ ಬಟ್ಟೆ ಸುತ್ತಿಕೊಂಡು ಸವಾರಿ ಶಾಲೆಗೆ ನಡೆದಳು.

ಅಂಗಳದ ಬೆಂಚಿನ ಮೇಲೆ ಗಂಡ ಹೆಂಡತಿ ಇಬ್ಬರು ಕೂತಿದ್ದರು. ಕೆಂಚನನ್ನು ಕೊಳ್ಳಲು ಬಂದವರು. ಮೇಡಂ ಅವರಿಗೆ ಹೇಳುತ್ತಿದ್ದರು, “ಪಾಪದ ಕುದುರೆ. ಯಾರು ಬೇಕಾದ್ರೂ ಒಳಗೆ ಹೋಗ್ಬಹುದು. ಬೇಕಾದ್ರೆ ನೋಡಿ, ನಮ್ಮ ಹೊಸಬ ಒಳಗೇ ಇದ್ದಾನೆ.”

ಅವಳು ಗೋಡೆಗುಂಟ ನಡೆದು ಕೆಂಚನ ಗೂಡಿಗೆ ಹೋದಳು. ಅಲ್ಲಿ ತನ್ನ ಬೆನ್ನು ತನಗೇ ಕಂಡಿತು. ಮೊಣಕೈಗೆ ಅಮ್ಮ ಹಾಕಿದ ತೇಪೆ, ಸವೆದ ಕಾಲರು. ಕಾಲರಿನಲ್ಲಿ ಕೆಂಚ ಮೂಗು ಹುದುಗಿಸಿ ನಿಂತಿತ್ತು. ಅಂಗಿ ತೊಟ್ಟವನು ತಿರುಗಿದ. ಗಡ್ಡದಣ್ಣ. ದೊಡ್ಡ ಲಾಯದಲ್ಲಿ ಅವಳ ಅಪ್ಪನ ಜೊತೆ ದುಡಿದವನು, ಅವಳ ಜೊತೆ ಅದೇ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದವನು. ಗಡ್ಡವನ್ನು ನುಣ್ಣಗೆ ಬೋಳಿಸಿದ್ದ. ಅವಳನ್ನು ನೋಡಿ ಹೊರಗೆ ಬಂದು ಬಾಗಿಲು ಸರಿಸಿದ. ಆಮೇಲೆ ಬಾಯಿ ಬಿಟ್ಟ.

“ಒಳಗೆ ಮಾತಾಡಬಾರ್ದು ತಂಗಿ. ನನ್ನ ದನಿ ಕೇಳಿದ್ರೆ ಅದಕ್ಕೆ ಗೊತ್ತಾಗಿಬಿಡುತ್ತಂತೆ. ಕೆಮ್ಮು ಬಂದ್ರೂ ನುಂಗ್ಕೊಂಡು ನಿಂತಿರ್ತೀನಿ. ಗಡ್ಡ ತಾಗುತ್ತೆ ಅಂತ ಅದನ್ನೂ ತೆಗೆಸಿದ್ರು.”

“ಯಾವಾಗಿಂದ ಅಣ್ಣ?”

“ನಿನ್ನ ಕೈಗೆ ಏಟಾದ ಮಾರನೇ ದಿನದಿಂದ. ನನಗೆ ನಿನ್ನ ಜಾಗ ಅಂತ ಗೊತ್ತಿರ್ಲಿಲ್ಲ. ಮೊಳೆ ಮೇಲಿದ್ದ ಅಂಗಿ ತೆಗೆದು, ಇದನ್ನ ಹಾಕ್ಕೋ ಅಂತ ಕೊಟ್ರು. ತೊಟ್ಟ ಮೇಲೆ ನೋಡ್ತೀನಿ, ನಿಮ್ಮಪ್ಪನ ಅಂಗಿ.” ಅವನು ನೆಲ ನೋಡಿದ. “ಬಿಚ್ಚಿ ಹೋಗ್ಬೇಕಿತ್ತು. ಹೋಗ್ಲಿಲ್ಲ. ಮನೇಲಿ ಒಲೆ ಉರಿಯದೆ ಬಹಳ ದಿನ ಆಗಿತ್ತು.”

ಮಾರನೆಯ ದಿನದಿಂದ. ಅಂದರೆ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗಲೇ ಅವಳ ಕತೆ ಮುಗಿದಿತ್ತು. ಅವಳು ಬೇಕಿರಲಿಲ್ಲ. ಅವಳ ಬೆವರು ಬೇಕಿತ್ತು.

ಮೇಡಂ ಅವಳನ್ನು ಕಂಡು ಬೆಂಚಿನಿಂದ ಎದ್ದು ಬಂದರು. ಬಂದವರಿಗೆ ಕೇಳಿಸದಂತೆ ತಗ್ಗಿದ ದನಿಯಲ್ಲಿ ಮಾತಾಡಿದರು. “ಈಗ್ಯಾಕೆ ಬಂದೆ?”

“ಆಸ್ಪತ್ರೇಲಿ ಒಂದು ಮಾತು ಹೇಳ್ಬೇಕಿತ್ತು ಮೇಡಂ. ಬೆರಳು ಹೋಗ್ತಿದೆ.”

“ನೋಡು, ನಾನು ಬಂದು ಹೇಳಿದ್ರೆ ನೀನು ನನ್ನ ಕೆಲಸದವಳು ಅಂತಾಗುತ್ತೆ. ನಾಳೆ ಎಲ್ರೂ ಬಂದು ನಿಲ್ತಾರೆ. ನೀನು ಸ್ವಂತ ಕೆಲಸದವಳು ಅಲ್ವಾ? ಸ್ವಂತದವರು ತಮ್ಮದು ತಾವೇ ನೋಡ್ಕೋಬೇಕು. ಹಗ್ಗ ಕೈಗೆ ಸುತ್ಕೋಬಾರ್ದು ಅಂತ ಸಣ್ಣ ಮಕ್ಕಳಿಗೂ ಗೊತ್ತು.” ಆಮೇಲೆ ಅವಳು ತೊಟ್ಟ ಅಂಗಿಯ ಕಡೆ ಕಣ್ಣು ಹಾಯಿಸಿ, “ಬಂದಿದ್ದು ಒಳ್ಳೇದಾಯ್ತು. ಅವನು ಹಾಕಿರೋದ್ರಲ್ಲಿ ವಾಸ್ನೆ ಹೋಗ್ತಾ ಬಂದಿದೆಯಂತೆ. ಅದನ್ನ ಬಿಚ್ಚಿಕೊಟ್ಟು ಹೋಗು,” ಎಂದರು.

ಬೆಂಚಿನವರು ಕರೆದರೆಂದು ಮೇಡಂ ಹೊರಟುಹೋದರು. ಅವಳು ಅಲ್ಲೇ ನಿಂತಳು. ಗೂಡಿನ ಸಂದಿಯಿಂದ ಕೆಂಚ ಅವಳನ್ನು ನೋಡಿ ಮೂಗಿನಲ್ಲೇ ಸಣ್ಣಗೆ ಗುನುಗಿತು. ದಿನಾ ಬೆಳಗ್ಗೆ ಹಾಗೆ ಗುನುಗುತ್ತಿತ್ತು, ದಿನಾ ಅವಳು ಅದರ ಹಣೆ ಸವರುತ್ತಿದ್ದಳು. ಇವತ್ತು ಸವರಲಿಲ್ಲ.

“ಅಣ್ಣ, ಆ ಅಂಗಿ ಕೊಡಿ.”

ಗಡ್ಡದಣ್ಣ ಮೇಡಂ ಕಡೆ ನೋಡಿದ, ಅವಳ ಕೈ ಕಡೆ ನೋಡಿದ. ಗುಂಡಿ ಬಿಚ್ಚತೊಡಗಿದ.

ಕೈ ಮುರಿದಾಗಿನಿಂದ ಅವಳ ಪೆಟ್ಟಿಗೆ ಗೂಡಿನ ಹೊರಗೆ ಇಟ್ಟಲ್ಲೇ ಇತ್ತು. ತಳದಿಂದ ಬಣ್ಣದ ಕಾಗದದ ಸೋಪು ತೆಗೆದಳು. ತಾನು ತೊಟ್ಟದ್ದನ್ನೂ ಬಿಚ್ಚಿದಳು. ಎರಡು ಅಂಗಿ ಹೆಗಲಿಗೆ ಹಾಕಿಕೊಂಡು ಅಂಗಳದ ನಡುವೆ ನಡೆದಳು. ಗೋಡೆಗುಂಟ ಅಲ್ಲ, ನಡುವೆ. ಕುದುರೆಗಳಿಗೆ ಸ್ನಾನ ಮಾಡಿಸುವ ನಲ್ಲಿ ಬೆಂಚಿನ ಎದುರಿಗೇ ಇತ್ತು. ಅಂಗಿಗಳನ್ನು ಕಲ್ಲಿನ ಮೇಲೆ ಹಾಕಿ, ಪಾದದಿಂದ ಒತ್ತಿಹಿಡಿದು, ಎಡಗೈಯಲ್ಲಿ ಸೋಪು ಉಜ್ಜಿದಳು. ಕಾಲರಿಗೆ ಉಜ್ಜಿದಳು, ಕಂಕುಳಿಗೆ ಉಜ್ಜಿದಳು. ನೊರೆಯೆದ್ದಿತು. ಅಂಗಳದ ತುಂಬ ಹೂವಿನ ಪರಿಮಳ. ಒಂದು ಕೈ ಸಾಲದಾದಾಗ ಬಟ್ಟೆ ಸುತ್ತಿದ ಕೈಯನ್ನೂ ನೀರಿಗೆ ಇಳಿಸಿದಳು.

ಮೇನೇಜರ್ ಓಡಿಬಂದ. “ಏ, ಏನ್ ಮಾಡ್ತಿದ್ದೀಯ?”

“ಮೇಡಂ ಕೊಟ್ಟ ಸೋಪು. ವಾಸ್ನೆ ಅಂದಿದ್ರು.”

ಹಿಂಡಲು ಎರಡು ಕೈ ಬೇಕು. ಅವಳು ಅಂಗಿಯ ಒಂದು ತುದಿ ಹಿಡಿದು ನಿಂತಳು. ಗಡ್ಡದಣ್ಣ ಬರೀ ಮೈಯಲ್ಲಿ ಬಂದು ಇನ್ನೊಂದು ತುದಿ ಹಿಡಿದ. ಇಬ್ಬರೂ ತಿರುಚಿದರು. ಕಂದು ನೀರು ಸುರಿಯಿತು. ಗಡ್ಡದಣ್ಣ ಇಷ್ಟು ದಿನ ನುಂಗಿದ್ದನ್ನೆಲ್ಲ ಸೇರಿಸಿ ಕೆಮ್ಮಿದ, ಬೆಂಚಿನವರು ತಿರುಗಿ ನೋಡುವಷ್ಟು ಜೋರಾಗಿ ಕೆಮ್ಮಿದ.

ಆಗ ಕೆಂಚ ಒದ್ದಿತು. ಮೊದಲು ಒಂದು, ಆಮೇಲೆ ಒಂದರ ಮೇಲೊಂದು. ಬಾಗಿಲಿನ ಹಲಗೆ ಸೀಳಿದ ಸದ್ದಾಯಿತು. ಕೊಳ್ಳಲು ಬಂದ ಹೆಂಗಸು ಕಾಫಿ ಚೆಲ್ಲಿಕೊಂಡು ಎದ್ದಳು. ಗಂಡ ಅವಳನ್ನು ಹಿಂದಕ್ಕೆ ಎಳೆದುಕೊಂಡ.

ಮೇಡಂ ಬಂದರು. ಮುಖ ಬಿಳಿಚಿತ್ತು, ದನಿ ಮಾತ್ರ ಈಗಲೂ ತಗ್ಗಿತ್ತು. “ಒಳಗೆ ಹೋಗಿ ಅದನ್ನ ಸುಮ್ಮನಾಗಿಸು. ಈಗಲೇ ಆಸ್ಪತ್ರೆಗೆ ಬರ್ತೀನಿ. ನಾನೇ ಬಂದು ಹೇಳ್ತೀನಿ. ಆಯ್ತಾ?”

ಅದೇ ಮಾತು. ಅದಕ್ಕಾಗಿಯೇ ಅವಳು ಅಂಗಿ ಮೇಲೆ ಅಂಗಿ ಬಿಚ್ಚಿಕೊಟ್ಟದ್ದು. ಗೂಡಿನೊಳಗೆ ಹೋಗಿ ಒಂದು ಸಲ ಕೆಂಚನ ಹಣೆ ಮುಟ್ಟಿದರೆ ಸಾಕಿತ್ತು. ಅವಳು ಹಿಂಡಿದ ಅಂಗಿಯನ್ನು ಕೊಡವಿದಳು. ಖಾಲಿಯಾಗಿದ್ದ ಬೆಂಚಿನ ಮೇಲೆ ಹರಡಿದಳು. ಇನ್ನೊಂದನ್ನು ಅದರ ಪಕ್ಕಕ್ಕೆ ಹರಡಿ ತೋಳು ನೆಟ್ಟಗೆ ಮಾಡಿದಳು.

“ಒಳಗೆ ಹೋಗೋಕಾಗಲ್ಲ ಮೇಡಂ,” ಎಂದಳು. “ನನ್ನ ಯಜಮಾನಿ ಇವತ್ತು ಕೆಲಸ ಬೇಡ ಅಂದ್ಲು.”

ಪೆಟ್ಟಿಗೆಯ ಒಂದು ಹಿಡಿಕೆ ಅವಳು ಹಿಡಿದಳು, ಇನ್ನೊಂದು ಗಡ್ಡದಣ್ಣ ಹಿಡಿದ. ಗೇಟು ದಾಟಿದರು. ಹಿಂದಿನಿಂದ ಕೆಂಚ ಕೆನೆಯಿತು. ಅದು ಒದೆಯುವ ಸಿಟ್ಟಿನ ಕೆನೆತವಾಗಿರಲಿಲ್ಲ. ಬೆಳಗ್ಗೆ ಅವಳು ಬರುವುದು ತಡವಾದರೆ ಕರೆಯುವ ಕೆನೆತ. ಅವಳು ತಿರುಗಿ ನೋಡಲಿಲ್ಲ. ಈ ಲಾಯದಲ್ಲಾಗಲಿ ಬೇರೆ ಯಾವ ಲಾಯದಲ್ಲಾಗಲಿ ಇನ್ನು ತನ್ನನ್ನು ಕರೆಯುವವರಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕರೆಯುತ್ತಿದ್ದದ್ದು ಅದೊಂದೇ. ಅದಕ್ಕೆ ಬೆನ್ನು ಮಾಡಿ ನಡೆಯುವುದು ಲದ್ದಿ ಎತ್ತುವುದಕ್ಕಿಂತ, ಬೆಂಚಿನಿಂದ ಏಳುವುದಕ್ಕಿಂತ ಕಷ್ಟವಾಗಿತ್ತು.

ರಸ್ತೆಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಅವಳು ನಿಂತಳು. ಸೋಪಿನ ನೀರು ಗಾಯದ ಬಟ್ಟೆಯೊಳಗೆ ಇಳಿದಿತ್ತು. ಬಲಗೈಯನ್ನು ಎದೆಗೆ ಒತ್ತಿಕೊಂಡಳು. ಕಣ್ಣು ತುಂಬಿ ಬಂದು ಕೆನ್ನೆಗೆ ಇಳಿಯಿತು.

“ಅಳ್ತಿದ್ದೀಯಾ ತಂಗಿ?” ಗಡ್ಡದಣ್ಣ ಕೇಳಿದ.

“ಇಲ್ಲ ಅಣ್ಣ,” ಎಂದಳು. “ಕೈ ನೋಯ್ತಿದೆ.”